ಎರಡನೆಯ ಹಣ

“ಗುರುಗಳೇ, ಊರೊಳಗೆ ದುಡಿದರೆ ದಿನಕ್ಕೆ ಒಂದು ಕೂಲಿ. ಪರಊರಿಗೆ ಹೋದರೆ ಎಷ್ಟು ಕೇಳುವುದು ನ್ಯಾಯ?”

ಕೇಳಿದವನು ತೋಪಣ್ಣ. ಗಾರೆ ಕೆಲಸದವನು. ಪ್ರತಿ ಸೋಮವಾರ ಮಠಕ್ಕೆ ಬಂದು ಗುರುಗಳ ಮಾತು ಕೇಳಿ ಹೋಗುತ್ತಿದ್ದನು.

ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬ, “ಬಸ್ ಚಾರ್ಜು, ಎರಡು ಹೊತ್ತಿನ ಊಟ, ಮೇಲೆ ಹೆಂಡತಿಯ ಬೈಗುಳ. ಎಲ್ಲ ಸೇರಿಸಿ ಕೇಳಪ್ಪ” ಎಂದನು. ಕುಳಿತವರು ನಕ್ಕರು.

“ಎರಡರಷ್ಟು ಕೇಳಿ ಆಯಿತು, ಅಜ್ಜ. ಕೆಲಸಕ್ಕೆ ಕರೆದವರು ಚೌಕಾಸಿ ಮಾಡಲೇ ಇಲ್ಲ. ಒಂದೇ ಒಂದು ಮಾತು ಕೇಳಿದರು, ಒಪ್ಪಿಬಿಟ್ಟರು. ನಾಳೆ ಹೊರಡಬೇಕು. ಇನ್ನೂ ಸ್ವಲ್ಪ ಹೆಚ್ಚು ಕೇಳಬೇಕಿತ್ತೇನೋ ಎನಿಸುತ್ತಿದೆ” ಎಂದನು ತೋಪಣ್ಣ.

ಗುರುಗಳು ನಗಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದನು. ಆ ಊರಿನ ಬಡಗಿಗಳಲ್ಲಿ ಒಂದು ಪದ್ಧತಿ ಇತ್ತು. ಪರಊರಿಗೆ ಹೋಗುವವನು ಉಳಿ, ಬಾಚಿ, ಗರಗಸಗಳನ್ನೆಲ್ಲ ಒಯ್ಯುವನು. ಅಳತೆಕೋಲನ್ನು ಮಾತ್ರ ಮನೆಯ ಬಾಗಿಲ ಹಿಂದೆ ನಿಲ್ಲಿಸಿ ಹೋಗುವನು. ಹೋದಲ್ಲಿ ಬೇರೊಂದು ಕೋಲು ಕಡಿದುಕೊಳ್ಳುವನು. ಕೋಲು ಬಾಗಿಲ ಹಿಂದೆ ಇರುವಷ್ಟು ದಿನ ಅವನು ಊಟಕ್ಕೆ ಕೂರುವ ಮಣೆಯ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ.

ದೂರದ ಊರಿನಿಂದ ಒಬ್ಬ ವರ್ತಕನು ಬಂದನು. ಹೊಸ ಮನೆಗೆ ಹನ್ನೆರಡು ಬಾಗಿಲು ಬೇಕು ಎಂದನು. ಅವನ ಊರು ಮೂರು ದಿನದ ದಾರಿ.

“ದಿನಕ್ಕೆ ಎಷ್ಟು?”

“ಇಲ್ಲಾದರೆ ಒಂದು ಹಣ. ನಿಮ್ಮ ಊರಿಗೆ ಬಂದರೆ ಎರಡು.”

“ಬಾಗಿಲು ಅದೇ ಬಾಗಿಲು, ಕೈ ಅದೇ ಕೈ. ಎರಡನೆಯ ಹಣ ಯಾವುದಕ್ಕೆ?”

“ಮನೆಯಲ್ಲಿ ಕಳೆಯುವ ದಿನ ನನ್ನ ಕೈತಪ್ಪುತ್ತದಲ್ಲ ಸ್ವಾಮಿ, ಅದಕ್ಕೆ.”

“ಸರಿ. ಒಂದು ಹಣಕ್ಕೆ ನಿನ್ನ ಕೆಲಸ ಕೊಂಡೆ. ಇನ್ನೊಂದಕ್ಕೆ ನಿನ್ನ ಮನೆಯ ದಿನ ಕೊಂಡೆ. ಹಾಗಾದರೆ ಆ ಅಳತೆಕೋಲು ನನ್ನ ಬಳಿ ಇರಲಿ.”

ಬಡಗಿಯು ಕೋಲನ್ನು ಕೊಟ್ಟನು. ಕೋಲು ತಾನೇ ಎಂದುಕೊಂಡನು.

ಹೆಂಡತಿಗೆ ಅದು ಸರಿಬರಲಿಲ್ಲ. “ಕೋಲು ಯಾಕೆ ಕೊಟ್ಟಿರಿ? ಮಗಳು ಇವತ್ತೋ ನಾಳೆಯೋ ಹೆಜ್ಜೆ ಇಡುತ್ತಾಳೆ. ಅದನ್ನು ನೋಡಿಯಾದರೂ ಹೋಗಬಾರದೇ?”

“ನಾನು ಬರುವ ತನಕ ನಡೆಯಬೇಡ ಎಂದು ಹೇಳು ಅವಳಿಗೆ” ಎಂದು ಬಡಗಿಯು ಮಗುವಿನ ಕೆನ್ನೆ ಮುಟ್ಟಿ ಹೊರಟನು.

ಕೆಲಸ ಸಾಗಿತು. ಪ್ರತಿ ಸಂಜೆ ವರ್ತಕನು ಬಂದು ಎರಡು ಹಣವನ್ನು ಬೇರೆ ಬೇರೆ ಇಡುತ್ತಿದ್ದನು. ಒಂದನ್ನು ಇಟ್ಟು ಬಾಗಿಲನ್ನು ತಟ್ಟಿ ನೋಡುವನು. ಇನ್ನೊಂದನ್ನು ಇಟ್ಟು, “ಮನೆಯಲ್ಲಿದ್ದರೆ ಇವತ್ತು ಏನು ಮಾಡುತ್ತಿದ್ದೆ?” ಎಂದು ಕೇಳುವನು.

ಮನೆಯ ನೆನಪು ಬಡಗಿಗೂ ಹಿತವಾಗಿತ್ತು. ಅವನು ಹೇಳುವನು. ಸಂತೆಯಿಂದ ಸೊಪ್ಪು ತರುತ್ತಿದ್ದೆ. ಬಾಡಿದ್ದನ್ನು ತಂದಿರಿ ಎಂದು ಅವಳು ಬೈಯುತ್ತಿದ್ದಳು. ಅವಳು ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕುವಾಗ ಬಿಸಿನೀರು ತೋಡಿ ಕೊಡುತ್ತಿದ್ದೆ. ವರ್ತಕನು ಎಲ್ಲವನ್ನೂ ಕೇಳುವನು, ಮತ್ತೊಮ್ಮೆ ಹೇಳಿಸಿಕೊಳ್ಳುವನು.

ಐದನೆಯ ಬಾಗಿಲಿನ ಹೊತ್ತಿಗೆ ವರ್ತಕನು ಹಗಲಿನಲ್ಲಿ ಕಾಣದಾದನು.

“ಯಜಮಾನರು ಎಲ್ಲಿ?” ಎಂದು ಬಡಗಿಯು ಅಡುಗೆಯವಳನ್ನು ಕೇಳಿದನು.

“ಮನೆಗೆ ಹೋಗಿದ್ದಾರೆ” ಎಂದಳು.

“ಇದೇ ಅಲ್ಲವೇ ಮನೆ?”

“ಇದಕ್ಕೆ ಇನ್ನೂ ಬಾಗಿಲೆಲ್ಲ ಆಗಿಲ್ಲವಲ್ಲಪ್ಪ” ಎಂದು ಅವಳು ಒಳಗೆ ಹೋದಳು.

ಆ ಸಂಜೆ ವರ್ತಕನು ಬಂದು ಎರಡು ಹಣ ಇಟ್ಟನು. ಏನನ್ನೂ ಕೇಳಲಿಲ್ಲ. ತಾನೇ ಹೇಳಿದನು: “ಇವತ್ತು ಸೊಪ್ಪು ಬಾಡಿತ್ತು. ಬೈಸಿಕೊಂಡೆ.”

ಬಡಗಿಯು ಅದನ್ನು ತಮಾಷೆ ಎಂದುಕೊಂಡು ನಕ್ಕನು. ನಗುತ್ತ ತಲೆ ತಗ್ಗಿಸಿದಾಗ ವರ್ತಕನ ಪಾದ ಕಂಡಿತು. ಆ ಊರಿನದು ಕಪ್ಪು ಮಣ್ಣು. ಪಾದಕ್ಕೆ ಮೆತ್ತಿದ್ದು ಕೆಂಪು ಮಣ್ಣು. ಬಡಗಿಯ ಅಂಗಳದ್ದು.

ಆದರೂ ಅವನು ಹೊರಡಲಿಲ್ಲ. ಇನ್ನು ಏಳು ಬಾಗಿಲು ಉಳಿದಿವೆ, ಕೊಟ್ಟ ಮಾತಿದೆ ಎಂದುಕೊಂಡನು. ಹನ್ನೊಂದು ಬಾಗಿಲು ಆಯಿತು. ಹನ್ನೆರಡನೆಯದಕ್ಕೆ ಚೌಕಟ್ಟು ಕೂರಿಸುತ್ತಿದ್ದ ಸಂಜೆ ವರ್ತಕನು ಎಂದಿಗಿಂತ ಮೆಲ್ಲಗೆ ಬಂದನು. ಹಣ ಇಟ್ಟನು.

“ಮಗಳು ಇವತ್ತು ಐದು ಹೆಜ್ಜೆ ಇಟ್ಟಳು” ಎಂದನು.

ಬಡಗಿಯು ಬಾಚಿಯನ್ನು ಅಲ್ಲೇ ಬಿಟ್ಟು, ಹಣದ ಗಂಟೊಂದನ್ನೇ ಎತ್ತಿಕೊಂಡು ಓಡಿದನು. ಮೂರು ದಿನದ ದಾರಿಯನ್ನು ಎರಡು ದಿನದಲ್ಲಿ ಮುಗಿಸಿ, ಊಟದ ಹೊತ್ತಿಗೆ ಮನೆ ಮುಟ್ಟಿದನು. ಬಾಗಿಲು ತೆರೆದಿತ್ತು. ಬಾಗಿಲ ಹಿಂದೆ ಅಳತೆಕೋಲು ನಿಂತಿತ್ತು.

ಹೆಂಡತಿಯು ಹೊರಗೆ ಬಂದಳು. ಅವನ ಮುಖವನ್ನು ನೋಡಿದಳು. “ಯಾರಪ್ಪ? ಸ್ವಲ್ಪ ತಾಳು, ಅವರು ಊಟಕ್ಕೆ ಕೂತಿದ್ದಾರೆ” ಎಂದಳು.

ಬಡಗಿಯು ಹೊಸ್ತಿಲ ಬಳಿ ಕುಳಿತನು. ಗಂಟನ್ನು ಬಿಚ್ಚಿ, ಅದುವರೆಗಿನ ಎರಡನೆಯ ಹಣವನ್ನೆಲ್ಲ ಹೊಸ್ತಿಲ ಮೇಲೆ ಸುರಿದನು. ಸದ್ದು ಕೇಳಿ ಮಗಳು ನಡೆದುಕೊಂಡು ಬಂದಳು. ಒಂದು ಕೈ ಗೋಡೆಯ ಮೇಲಿತ್ತು. ಅವನನ್ನು ನೋಡಿ ನಿಂತಳು. ಆಮೇಲೆ ತಿರುಗಿ, ಬೀಳದೆ, ಒಳಗೆ ನಡೆದು ಹೋಗಿ “ಅಪ್ಪ” ಎಂದಳು.

ಒಳಗೆ ಯಾರೋ ಕೆಮ್ಮಿದರು. ಅದು ಬಡಗಿಯದೇ ಕೆಮ್ಮು.

“ಪರಊರಿನ ಬಡಗಿ ಇರಬೇಕು” ಎಂದಿತು ಒಳಗಿನ ದನಿ. “ಹಣ ಅವನದೇ. ಎತ್ತಿ ಕೊಡು. ಇನ್ನೊಂದು ಬಾಗಿಲು ಉಳಿದಿದೆ ಎಂದು ನೆನಪು ಮಾಡಿ ಕಳಿಸು.”

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಒಂದೇ ಕೂಲಿಗೆ ಹೋಗಿಬರಲೇ, ಗುರುಗಳೇ?” ಎಂದನು ತೋಪಣ್ಣ.

“ಒಪ್ಪುವ ಮೊದಲು ಅವರು ಕೇಳಿದ ಆ ಒಂದು ಮಾತು ಯಾವುದು, ತೋಪಣ್ಣ?”