ಜ್ವರದ ದಿನದ ತೂಕ

ಮಾಘ ಶುದ್ಧ ದಶಮಿ, ಬೆಳಗಿನ ಏಳು ಗಂಟೆ. ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಸರ್ವಮಂಗಳಾ ಊರಿನ ಮಠದ ಗುರುಗಳ ಮುಂದೆ ಕುಳಿತು ಕೇಳಿದಳು:

“ಗುರುಗಳೇ, ಪರೀಕ್ಷೆಯಲ್ಲಿ ಹಿಂದುಳಿದ ಶಾಲೆಗೆ ಅನುದಾನ ಕಡಿತವೆಂಬ ನಿಯಮ ಬಂದಿದೆ. ಇನ್ನೊಂದು ವರ್ಷ ಹೀಗಾದರೆ ನನ್ನ ಶಾಲೆ ಮುಚ್ಚುತ್ತದೆ. ಈಗ ಪೇಟೆಯ ಶಾಲೆಯವರು, ಕೂಡಿ ವಿರೋಧಿಸೋಣ, ಸಭೆಗೆ ಬನ್ನಿ ಎನ್ನುತ್ತಿದ್ದಾರೆ. ಅನುದಾನದ ಸಿಂಹಪಾಲು ಉಂಡವರು ಅವರೇ. ನಂಬಲೇ?”

ಗುರುಗಳು ಒಂದು ಕಥೆ ಹೇಳಿದರು.

ಒಬ್ಬ ವರ್ತಕ ಎರಡು ಮನೆಗಳಿಗೆ ರೇಷ್ಮೆಹುಳು ಸಾಕಲು ಕೊಟ್ಟಿದ್ದ. ಹಿಪ್ಪುನೇರಳೆ ತೋಟವೂ ಅವನದೇ. ವಾರಕ್ಕೊಮ್ಮೆ ಹುಳುವಿನ ತಟ್ಟೆಗಳನ್ನು ತೂಗಿಸುತ್ತಿದ್ದ. ತೂಕ ಹೆಚ್ಚಿದ ಮನೆಗೆ ಸೊಪ್ಪು ಹೆಚ್ಚು, ಇಳಿದ ಮನೆಗೆ ಕಡಿಮೆ. ಮೇಲಿನ ಕೇರಿಯ ರೈತನಿಗೆ ಬುಟ್ಟಿ ತುಂಬಿ ಬರುತ್ತಿತ್ತು. ಕೆಳಗಿನ ಕೇರಿಯ ಹೆಂಗಸಿನ ಹುಳುಗಳು ಅರೆಹೊಟ್ಟೆಯಲ್ಲಿ ಬಡಕಲಾದವು. ಬಡಕಲಾದಷ್ಟೂ ಸೊಪ್ಪು ಇಳಿಯಿತು.

ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಇರುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಜ್ವರದಲ್ಲಿ ತಟ್ಟೆ ಮುಟ್ಟುವ ಪದ್ಧತಿಯಿಲ್ಲ. ಒಮ್ಮೆ ಎರಡೂ ಮನೆಗಳಲ್ಲಿ ತೂಕದ ದಿನವೂ ಜ್ವರವೂ ಒಟ್ಟಿಗೆ ಬಂದವು. ಹಿಂದಿನ ಸಂಜೆ ರೈತ ಹೆಂಗಸಿನ ಬಾಗಿಲಿಗೆ ಬಂದ.

“ಅಕ್ಕ, ನಾಳೆ ಇಬ್ಬರೂ ತಟ್ಟೆ ಕೊಡುವುದು ಬೇಡ. ಸೊಪ್ಪು ಸಮನಾಗಿ ಹಂಚು ಎಂದು ಒಟ್ಟಿಗೆ ಕೇಳೋಣ.”

“ತೇಗು ಬಂದ ಮೇಲೆ ನೆರೆಮನೆಯ ಹಸಿವು ನೆನಪಾಯಿತೇ, ತಮ್ಮ? ನಾನು ತಟ್ಟೆ ಕೊಡುವುದಿಲ್ಲ ಎನ್ನಬೇಕು, ನೀನು ಹಿತ್ತಲ ಬಾಗಿಲಲ್ಲಿ ತೂಗಿಸಿಕೊಳ್ಳಬೇಕು, ಅಲ್ಲವೇ?”

“ಬುಟ್ಟಿ ತುಂಬಿದ ಮನೆಯಲ್ಲೂ ಹುಳುವಿಗೆ ಜ್ವರ ಬರುತ್ತದೆ, ಅಕ್ಕ.”

ಅವಳು ನಂಬಲಿಲ್ಲ. ಬೆಳಗಾದೊಡನೆ ಹೋಗಿ ಅವನ ಹಿತ್ತಲನ್ನೇ ಕಾದಳು. ಅವನು ತಟ್ಟೆ ಹೊರಗೆ ತರಲಿಲ್ಲ. ಇದರಲ್ಲೂ ಏನೋ ಹೂಟವಿದೆ ಎಂದುಕೊಂಡು, ತನ್ನ ತಟ್ಟೆಗಳನ್ನು ತಾನೇ ಹೊತ್ತು ತಕ್ಕಡಿಗೇರಿಸಿದಳು. ವರ್ತಕ ಮೆಚ್ಚಿ, ರೈತನ ಪಾಲಿನ ಸೊಪ್ಪನ್ನೂ ಅವಳಿಗೇ ಕೊಟ್ಟ. ಆ ಮನೆಗೆ ಮೊದಲ ಬಾರಿ ತುಂಬಿದ ಬುಟ್ಟಿ ಬಂತು.

ಜ್ವರದಲ್ಲಿ ಅಲುಗಿದ ಹುಳು ಪೊರೆ ಬಿಡಲಾಗದೆ ಸತ್ತಿತು. ಸೊಪ್ಪು ತಟ್ಟೆಯ ಮೇಲೆಯೇ ಒಣಗಿತು. ಅತ್ತ ರೈತನ ಹುಳುಗಳು ಜ್ವರ ಕಳೆದು ಎದ್ದವು, ಅವಕ್ಕೆ ಸೊಪ್ಪಿರಲಿಲ್ಲ. ಆ ಬೆಳೆಗೆ ಎರಡು ಮನೆಯಲ್ಲೂ ಒಂದು ಗೂಡೂ ಕಟ್ಟಲಿಲ್ಲ. ಇಬ್ಬರೂ ಸೋಮಾರಿಗಳೆಂದು ವರ್ತಕ ಊರೆಲ್ಲ ಹೇಳಿದ.

ಸರ್ವಮಂಗಳಾ ಕೇಳಿದಳು: “ಹಾಗಾದರೆ ಅವಳು ಶಂಕಿಸಿದ್ದೇ ತಪ್ಪೇ?”

“ಶಂಕೆ ತಪ್ಪಲ್ಲ ತಾಯಿ; ಆದರೆ ಅವಳು ತಕ್ಕಡಿಯನ್ನು ಒಂದು ದಿನವೂ ಶಂಕಿಸಲಿಲ್ಲ.”

ಸರ್ವಮಂಗಳಾ ಎದ್ದು ನಮಸ್ಕರಿಸಿದಳು. ಸಭೆಗೆ ಹೋಗುವುದೆಂದೂ, ಅನುದಾನ ಸಮನಾಗಬೇಕೆಂಬ ಮಾತನ್ನು ಮೊದಲು ಪೇಟೆಯವರ ಬಾಯಿಂದಲೇ ಆಡಿಸುವುದೆಂದೂ ನಿರ್ಧರಿಸಿದಳು.