ದುಂಡಪ್ಪನ ಹಗ್ಗ

ಹೊಳೆಯ ದಂಡೆಯಲ್ಲೊಂದು ಪುಟ್ಟ ಮಠ. ಅಲ್ಲಿದ್ದದ್ದು ಇಬ್ಬರೇ. ಎಂಬತ್ತರ ಹತ್ತಿರ ಬಂದಿದ್ದ ಗುರು ನಿರುಪಾದಜ್ಜ, ಮೂವತ್ತರ ಶಿಷ್ಯ ದುಂಡಪ್ಪ.

ದುಂಡಪ್ಪ ಹಾವು ಕಂಡರೂ ಬಾಲ ಹಿಡಿದು ಆಚೆ ಎಸೆಯುವ ಗಟ್ಟಿಗ. ನೀರು ಕಂಡರೆ ಮಾತ್ರ ನಡುಗುತ್ತಿದ್ದ.

ನಡುಗುವವನು ದೂರ ಇರಬೇಕಲ್ಲವೇ? ಇರುತ್ತಿರಲಿಲ್ಲ. ದಿನವೂ ಸಂಜೆ ಅವನ ಕಾಲು ಹೊಳೆಯ ಕಡೆಗೇ ನಡೆಯುತ್ತಿತ್ತು.

ಒಂದು ಸಂಜೆ ಅಜ್ಜ ಬಂದು ನೋಡಿದರು. ದುಂಡಪ್ಪ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ. ಸೊಂಟಕ್ಕೊಂದು ಹಗ್ಗ. ಅದರ ಇನ್ನೊಂದು ತುದಿಯನ್ನು ಹರಿಗೋಲು ಕಟ್ಟುವ ಗೂಟಕ್ಕೆ ಬಿಗಿದಿದ್ದ.

"ಏನೋ ಇದು? ಎತ್ತು ಕಟ್ಟಿದಂಗ ಕಟ್ಕೊಂಡೀಯಲ್ಲ!"

ದುಂಡಪ್ಪ ನಗಲಿಲ್ಲ. "ಹೊಳಿ ಕರೀತೈತ್ರಿ ಅಜ್ಜಾರ."

"ಕರದು ಏನಂತೈತಿ?"

"ಏನೂ ಅನ್ನಂಗಿಲ್ರಿ. ಇಲ್ಲಿ ಬಂದು ಕುಂತ ಕೂಡ್ಲೆ ಎದಿ ತಣ್ಣಗ ಆಗತೈತಿ. ಅದಕ್ಕ ಅಂಜಿಕಿ."

"ತಣ್ಣಗ ಆದ್ರ ಅಂಜೋದ್ಯಾಕೋ?"

"ಗಾಳಕ್ಕ ಹಿಟ್ಟು ಹಚ್ಚತಾರಲ್ರಿ, ಹಂಗ ಇದು. ಒಂದು ಮನ್ಯಾಗ ಒಬ್ಬನ್ನ ಒಯ್ದ ಹೊಳಿ ಇನ್ನೊಬ್ಬನ್ನೂ ಕರೀತೈತಿ ಅಂತಾರ ನಮ್ಮೂರಾಗ."

ಎರಡು ವರ್ಷದ ಹಿಂದೆ ಇದೇ ಹೊಳೆಯಲ್ಲಿ ಅವನ ತಮ್ಮ ಬಾಳಪ್ಪ ಮುಳುಗಿ ಸತ್ತಿದ್ದ. ಅಣ್ಣತಮ್ಮಂದಿರು ಎಮ್ಮೆಯ ಮೈ ತೊಳೆಯಲು ಇಳಿದಿದ್ದರು. ಸೆಳವು ಬಂದಾಗ ತಮ್ಮನ ಕೈ ದುಂಡಪ್ಪನ ಕೈಯಲ್ಲೇ ಇತ್ತು.

"ನಾನ ಅವನ ಕೈ ಬಿಟ್ಟೆನ್ರಿ" ಎಂದ ದುಂಡಪ್ಪ. "ಅದಕ್ಕ ಅಂವಾ ನನ್ನ ಬಿಡವಲ್ಲ. ಮುಂಜಾನೆ ಹೊಂಟೇನ್ರಿ ಅಜ್ಜಾರ, ಹೊಳಿ ಇಲ್ಲದ ಊರು ಹುಡಿಕ್ಕೊಂಡು. ಅಪ್ಪಣಿ ಕೊಡ್ರಿ. ಇನ್ನೊಂದು ಸಂಜಿ ಇಲ್ಲಿ ಕುಂತ್ರ ಈ ಹಗ್ಗ ನಾನ ಬಿಚ್ಚತೀನಿ ಅನಸ್ತೈತಿ."

ಅಜ್ಜ ಗೂಟದ ಹತ್ತಿರ ಹೋಗಿ ಹಗ್ಗ ಬಿಚ್ಚಿದರು. ಬಿಚ್ಚಿದ ತುದಿಯನ್ನು ತಮ್ಮ ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡರು.

"ಏನ್ ಮಾಡಾಕ್ಹತ್ತೀರಿ ಅಜ್ಜಾರ?"

"ಜಳಕ."

"ನಿಮಗ ಈಸಾಕ ಬರಂಗಿಲ್ರಿ!"

"ಹೌದು, ಬರಂಗಿಲ್ಲ" ಎಂದು ಅಜ್ಜ ಮೆಟ್ಟಿಲಿಳಿದರು.

ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ದುಂಡಪ್ಪ ಕೂತಲ್ಲೇ ಕಲ್ಲನ್ನು ತಬ್ಬಿಕೊಂಡ.

"ಸಾಕ್ರಿ! ಹಿಂದಕ ಬರ್ರಿ, ನಿಮ್ಮ ಕಾಲಿಗೆ ಬೀಳತೀನಿ!"

ಅಜ್ಜ ತಿರುಗಿ ನೋಡಲಿಲ್ಲ. ನೀರು ಎದೆಗೆ ಬಂತು. ಹಗ್ಗ ಬಿಗಿಯಾಯಿತು. ಅಜ್ಜ ಇನ್ನೊಂದು ಹೆಜ್ಜೆ ಇಟ್ಟರು.

ಅಷ್ಟೇ. ನೀರ ಮೇಲೆ ಅವರ ರುಮಾಲು ಮಾತ್ರ ಉಳಿಯಿತು.

ಯಾವಾಗ ಹಾರಿದೆನೋ ದುಂಡಪ್ಪನಿಗೇ ತಿಳಿಯಲಿಲ್ಲ. ಬಾಯಿಗೆ ನೀರು ನುಗ್ಗಿತು. ಕೈಗೆ ಅಜ್ಜನ ಮುಂಗೈ ಸಿಕ್ಕಿತು. ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಡಿದ. ಒದ್ದೆ ಕೈ ಬೆರಳುಗಳ ನಡುವಿಂದ ನುಣುಚಿಕೊಂಡು ಹೋಯಿತು. ತಮ್ಮನ ಕೈ ಹೋದದ್ದೂ ಹೀಗೇ.

ದುಂಡಪ್ಪ ಚೀರಿದ. ಮೆಟ್ಟಿಲಿಗೆ ಕಾಲೂರಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದ, ಎಳೆಯುತ್ತಲೇ ಹೋದ. ಕೊನೆಗೆ ಇಬ್ಬರೂ ಮೆಟ್ಟಿಲ ಮೇಲೆ ಬಂದು ಬಿದ್ದರು.

ಅಜ್ಜ ಕೆಮ್ಮಿ ನೀರು ಉಗುಳಿದರು. ಉಸಿರು ಹತೋಟಿಗೆ ಬಂದ ಮೇಲೆ ಕೇಳಿದರು.

"ನನ್ನ ಕೈ ಬಿಟ್ಟೀಯಲ್ಲೋ?"

"ಇಲ್ರಿ! ದೇವರಾಣಿ ಬಿಡ್ಲಿಲ್ರಿ! ಗಟ್ಟಿ ಹಿಡಿದಿದ್ದೆ. ಅದು ತಾನ ಜಾರಿತ್ರಿ ಅಜ್ಜಾರ, ತಾನ..."

ದುಂಡಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ಹೋ ಎಂದು ಅತ್ತುಬಿಟ್ಟ. ತಮ್ಮ ಸತ್ತ ದಿನವೂ ಅವನು ಅತ್ತಿರಲಿಲ್ಲ.

ಅಜ್ಜ ಧೋತರದ ನೀರು ಹಿಂಡಿಕೊಂಡು, ಇಬ್ಬರ ಸೊಂಟದ ಗಂಟನ್ನೂ ಬಿಚ್ಚಿ, ಹಗ್ಗ ಸುತ್ತಿ ಪಕ್ಕಕ್ಕಿಟ್ಟರು.

ಅಳು ಇಳಿದ ಮೇಲೆ ದುಂಡಪ್ಪ ಕೇಳಿದ. "ಹಂಗಾದ್ರ ಹೊಳಿ ನನ್ನ ಯಾಕ ಕರೀತೈತ್ರಿ? ಇಲ್ಲಿ ಕುಂತ್ರ ಎದಿ ಯಾಕ ತಣ್ಣಗ ಆಗತೈತಿ?"

ರುಮಾಲು ಆಗಲೇ ದೂರ ಹೋಗಿತ್ತು. ಅಜ್ಜ ಅದನ್ನೇ ನೋಡುತ್ತ ಹೇಳಿದರು.

"ಹೊಳಿ ಕರಿಯಂಗಿಲ್ಲೋ, ತಮ್ಮನ ಹತ್ರ ಕುಂತೇನಂತ ನಿನ್ನ ಎದಿ ತಣ್ಣಗ ಆಗತೈತಿ. ಕೈ ಬಿಟ್ಟಾಂವ ದಿನಾ ಸಂಜಿಗೆ ಬಂದು ತಮ್ಮನ ಬಾಜೂಕ ಕೂಡಂಗಿಲ್ಲೋ, ದುಂಡಪ್ಪಾ."