ಬಾರದ ಜ್ವರ

“ಗುರುಗಳೇ, ಸೇವಾಶ್ರಮದ ಕೆಲಸವನ್ನು ಮುಂದೆ ಹೇಗೆ ನಡೆಸಬೇಕೆಂದು ಹೊಸ ಯೋಜನೆ ಮಾಡಿದೆ. ಸಭೆಯಲ್ಲಿ ಕೆಲಸದವರೆಲ್ಲರೂ ಒಪ್ಪಿ ತಲೆಯಾಡಿಸಿದರು. ಮಾರನೆಯ ದಿನ ಮತ್ತೆ ಹಳೆಯ ದಾರಿಯನ್ನೇ ಹಿಡಿದರು. ಇವರನ್ನು ಬಿಡಿಸಿ ಹೊಸಬರನ್ನು ತರಲೇ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಅನಾಥಾಲಯವಿತ್ತು. ಮಕ್ಕಳು ಸಾಲು ಹಾಸಿಗೆಗಳಲ್ಲಿ ಬೆಳೆಯುವುದು ಬೇಡ, ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿ ಬೆಳೆಯಲಿ ಎಂದು ಅದನ್ನು ನಡೆಸುವವರು ತೀರ್ಮಾನಿಸಿದರು. ಅದನ್ನು ಜಾರಿಗೆ ತರಲು ಒಬ್ಬ ಮೇಲ್ವಿಚಾರಕನನ್ನು ನೇಮಿಸಿದರು. ಅವನು ಒಳ್ಳೆಯವನು. ಊರೂರು ತಿರುಗಿ ಮಕ್ಕಳಿಲ್ಲದ ದಂಪತಿಗಳನ್ನು ಹುಡುಕಿದ. ಅವರ ಮನೆಯನ್ನೂ ನೋಡಿದ, ಮನಸ್ಸನ್ನೂ ನೋಡಿದ. ಮಕ್ಕಳನ್ನು ಸಾಕುತ್ತಿದ್ದ ಆಯಾಗಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದ. ಒಳ್ಳೆಯದೇ ಆಯಿತು ಎಂದರು ಅವರು.

ಆದರೆ ಒಂದು ಮಗುವೂ ಹೊರಡಲಿಲ್ಲ. ಮೊದಲು ಹೋಗಬೇಕಾಗಿದ್ದದ್ದು ಹಿರಿಯ ಆಯಾ ಸಾಕುತ್ತಿದ್ದ ಹೆಣ್ಣುಮಗು. ಅದನ್ನು ಕರೆದೊಯ್ಯಲು ದಂಪತಿಗಳು ಬಂದಾಗಲೆಲ್ಲ ಮಗುವಿಗೆ ಜ್ವರವೆಂದು ಆಯಾ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು. ಅವಳನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಒಂದು ದಿನ ಆ ದಂಪತಿಗಳಲ್ಲಿ ಹೆಂಗಸು, ಮಗುವಿಗೆಂದು ತಾನೇ ಹೊಲಿದ ಲಂಗವನ್ನು ಕೈಯಲ್ಲಿ ಹಿಡಿದುಕೊಂಡು ಅಳುತ್ತಾ ಹಿಂದಿರುಗಿದಳು. ಅದನ್ನು ಕಂಡು ಮೇಲ್ವಿಚಾರಕನಿಗೆ ಸಿಟ್ಟು ಬಂತು. ಒಳಗೆ ಹೋಗಿ ಮಗುವಿನ ಹಣೆ ಮುಟ್ಟಿದ. ತಣ್ಣಗಿತ್ತು.

ಆಯಾಳನ್ನು ಅಂದೇ ಕೆಲಸದಿಂದ ತೆಗೆಯಬೇಕೆಂದುಕೊಂಡ. ಅವಳು ನೆಪ ಹೇಳಲಿಲ್ಲ. ಮಗುವನ್ನು ಎದೆಗವಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಅವನೂ ಪಕ್ಕದಲ್ಲಿ ಕುಳಿತ.

“ನೀವೂ ಒಪ್ಪಿದ್ದಿರಲ್ಲಮ್ಮಾ?”

“ಈಗಲೂ ಒಪ್ಪುತ್ತೇನಪ್ಪಾ. ಇವಳಿಗೊಂದು ಮನೆ ಆಗಲಿ. ಆದರೆ ಇವಳು ನನ್ನ ಕಿವಿ ಹಿಡಿದುಕೊಂಡೇ ಮಲಗುವುದು. ನಾಳೆ ಕೈ ಚಾಚಿದರೆ ನಾನಿರುವುದಿಲ್ಲ. ನನ್ನ ಮಡಿಲಲ್ಲೂ ಇವಳಿರುವುದಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ? ನೀವೆಲ್ಲ ಸಂತೋಷದಲ್ಲಿದ್ದೀರಿ.”

ಅವನು ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಅಲ್ಲೇ ಇದ್ದ. ಆಮೇಲೆ ಆ ದಂಪತಿಗಳನ್ನು ಕರೆಸಿ ಕೆಲವು ದಿನ ಅನಾಥಾಲಯದಲ್ಲೇ ಇರಿಸಿಕೊಂಡ. ಮಗು ಏನು ಕೊಟ್ಟರೆ ಉಗುಳುತ್ತದೆ, ಯಾವ ಹಾಡಿಗೆ ಕಣ್ಣು ಮುಚ್ಚುತ್ತದೆ ಎಂದು ಆಯಾ ಆ ಹೆಂಗಸಿಗೆ ಹೇಳಿಕೊಟ್ಟಳು. ಮೊದಮೊದಲು ಬಿಗುಮಾನದಿಂದ ಹೇಳಿದಳು. ಬರಬರುತ್ತಾ ಹೆತ್ತ ಮಗಳಿಗೆ ಹೇಳುವಂತೆ ಹೇಳಿದಳು. ಹೊರಡುವ ದಿನ ಮಗುವಿಗೆ ತಾನೇ ಎಣ್ಣೆ ನೀರು ಹಾಕಿದಳು. ಆ ಮನೆಯವರೆಗೂ ಎತ್ತಿಕೊಂಡು ಹೋಗಿ, ಹೊಸ ತಾಯಿಯ ಕೈಗೆ ಕೊಟ್ಟು ಬಂದಳು. ಖಾಲಿ ಹಾಸಿಗೆಯ ಬಳಿ ಉಳಿದ ಆಯಾಗಳು ಅವಳಿಗಾಗಿ ಕಾದಿದ್ದರು. ಎಲ್ಲರೂ ಸೇರಿ ಅತ್ತರು. ಮೇಲ್ವಿಚಾರಕ ಅಂದು ಯಾರಿಗೂ ಕೆಲಸ ಹೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಇನ್ನೊಬ್ಬ ಆಯಾ ತಾನಾಗಿಯೇ ಅವನ ಬಳಿಗೆ ಬಂದಳು. ತಾನು ಸಾಕುವ ಮಗುವಿಗೆ ಮನೆ ಸಿಕ್ಕಿತೇ ಎಂದು ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ದಂಪತಿಗಳನ್ನು ಮೊದಲೇ ಕರೆಸಿ ಇರಿಸಿಕೊಂಡಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ ಅಲ್ಲವೇ ಎಂದು ಚೆನ್ನವೀರ ಕೇಳಿದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು, “ಹಳೆಯ ದಾರಿ ಬಿಡುವಾಗ ನಿನ್ನವರು ಅಳುವುದಕ್ಕೆ ನಿನ್ನ ಯೋಜನೆಯಲ್ಲಿ ಜಾಗವಿತ್ತೇ, ಚೆನ್ನವೀರ?” ಎಂದರು.